ನಲ್ಲಿ ಕೆಮ್ಮುವ ಹೊತ್ತು

ಮನೆಯಿಂದ,
ಗುರುವಾರ

ನೊಣಗಳ ಡಾಕ್ಟರಮ್ಮನಿಗೆ, ನಿನ್ನ ಒಬ್ಬನೇ ಒಬ್ಬ ಸೋದರಮಾವ ಮಾಡುವ ಆಶೀರ್ವಾದ.

ಈ ಕಾಲದಲ್ಲಿ ಕಾಗದ ಬರೆಯುತ್ತಾನಲ್ಲ, ಫೋನಿಗೇನು ರೋಗ ಬಂತು ಅಂತ ನೀನು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಫೋನಿಗೆ ಏನೂ ಆಗಿಲ್ಲ. ಫೋನಿನಲ್ಲಿ ನಾನು ಬಾಯಿ ತೆಗೆದ ಕೂಡಲೇ "ಮಾವ, ಇದು ಬುರುಡೆ ತಾನೇ?" ಅನ್ನುತ್ತೀಯ. ಕಾಗದದಲ್ಲಾದರೆ ಕೊನೆಯವರೆಗೆ ಯಾರೂ ಅಡ್ಡಬಾಯಿ ಹಾಕುವುದಿಲ್ಲ. ಅಲ್ಲದೆ ನನ್ನ ಅಕ್ಷರ ಸಾಮಾನ್ಯದ್ದಲ್ಲ. ಹಳ್ಳಿಶಾಲೆಯ ಮೇಷ್ಟ್ರು ನನ್ನ ಕಾಪಿಯನ್ನು ಇಡೀ ತರಗತಿಗೆ ಎತ್ತಿ ತೋರಿಸುತ್ತಿದ್ದರು. ಹೀಗೆ ಬರೆಯಬಾರದು ಅಂತ ತೋರಿಸುತ್ತಿದ್ದರು ಎಂದು ನಿನ್ನ ಅಮ್ಮ ಹೇಳುತ್ತಾಳೆ. ಅವಳ ಮಾತು ನಂಬಬೇಡ.

ನೀನು ಕೇಳಿದ್ದು ಒಂದೇ ಮಾತು. "ಅಮ್ಮ ಈಗ ರಾತ್ರಿ ಮಲಗ್ತಾಳಾ, ಹಗಲು ಎದ್ದಿರ್ತಾಳಾ? ಅಷ್ಟು ಹೇಳು ಮಾವ, ಬಂದು ಕರ್ಕೊಂಡು ಹೋಗ್ತೀನಿ" ಅಂದೆ. ನಿನ್ನ ಮನೆಯ ಹತ್ತಿರ, ವಯಸ್ಸಾಗಿ ಮರೆವು ಬಂದವರನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ನೋಡಿಕೊಳ್ಳುವ ಜಾಗವೊಂದಿದೆ, ಅಲ್ಲಿ ಒಬ್ಬರಿಗೆ ಎಡೆ ಇದೆ, ಹಗಲು ಅವರು, ರಾತ್ರಿ ನೀನು. ಆದರೆ ರಾತ್ರಿಯೆಲ್ಲ ಎದ್ದಿದ್ದು ಹಗಲೆಲ್ಲ ಗೊರಕೆ ಹೊಡೆಯುವವರನ್ನು ಅವರು ಸೇರಿಸಿಕೊಳ್ಳುವುದಿಲ್ಲ. ನಿನಗೂ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದರೆ ರಾತ್ರಿ ಕಣ್ಣು ಮುಚ್ಚಬೇಕು. ನ್ಯಾಯವಾಗಿಯೇ ಇದೆ. ಆ ಜಾಗವನ್ನು ಈ ತಿಂಗಳ ಕೊನೆಯವರೆಗೆ ಮಾತ್ರ ನಮಗಾಗಿ ಹಿಡಿದಿಟ್ಟಿರುತ್ತಾರೆ ಎಂದೂ ನೀನು ಹೇಳಿದ್ದೆ.

ಉತ್ತರ ಹೌದು. ಅಕ್ಕ ರಾತ್ರಿ ಮಲಗಿದಳು. ನಾನು ಮಲಗಿಸಿದೆ.

ಕಾಗದವನ್ನು ಇಲ್ಲಿಗೇ ಮುಗಿಸಿ, ಕೆಳಗೆ ರುಜು ಹಾಕಿ, ಮೀಸೆ ತಿರುವಿಕೊಂಡು ಕೂರಬಹುದಿತ್ತು. ನಾನು ಮುಟ್ಟಿದ ಮೋಟಾರು ತಿರುಗದೆ ಇದ್ದದ್ದಿಲ್ಲ, ಅದು ನಿನಗೂ ಗೊತ್ತು, ಈ ಬೀದಿಗೂ ಗೊತ್ತು. ಸುಟ್ಟು ಕರಕಾದದ್ದನ್ನು ತಂದು ಕೊಡುತ್ತಾರೆ, ನಾನು ಹಳೆಯ ತಂತಿ ಕಿತ್ತು ಹೊಸದು ಸುತ್ತಿ ಗಾಳಿಯ ಹಾಗೆ ತಿರುಗಿಸಿ ಕೊಡುತ್ತೇನೆ. ಅಕ್ಕನ ತಲೆಯೊಳಗಿನ ಗಡಿಯಾರವನ್ನೂ ಹಾಗೇ ತಿರುಗಿಸಿದೆ. ಹೇಗೆ ಅಂತ ಕೇಳು, ಆಮೇಲೆ ಹೇಳಬೇಕಾದದ್ದು ಬೇರೆ ಇದೆ.

ನಿನ್ನ ಕೆಲಸದ ಜಾಗ ನೋಡಲು ಬಂದಿದ್ದೆನಲ್ಲ, ಅದೆಲ್ಲ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಬೆರಳಿಗಿಂತ ಸಣ್ಣ ಗಾಜಿನ ಕೊಳವೆಗಳು, ಒಂದೊಂದರಲ್ಲಿ ಒಂದೊಂದೇ ನೊಣ. ಕೊಳೆತ ಹಣ್ಣಿಗೆ ಮುತ್ತುತ್ತದಲ್ಲ, ಊದಿದರೆ ಹಾರಿಹೋಗುವ ಆ ಚಿಲ್ಲರೆ ನೊಣ. ಕೊಳವೆಯ ಒಂದು ತುದಿಗೆ ಅದರ ಊಟ, ಇನ್ನೊಂದು ತುದಿಗೆ ಹತ್ತಿ. ನಡುವೆ ಕಣ್ಣಿಗೆ ಕಾಣದ ಬೆಳಕಿನ ಗೆರೆ. ನೊಣ ಆ ಗೆರೆ ದಾಟಿದಾಗೆಲ್ಲ ಕಂಪ್ಯೂಟರಿನಲ್ಲಿ ಒಂದು ಕಪ್ಪು ಗೀಟು. ಇಷ್ಟು ಓದಿ ಕೊನೆಗೆ ನೊಣದ ಹಾಜರಿ ಹಾಕುವ ಕೆಲಸವೇನೇ ಅಂತ ನಾನು ಕೇಳಿದ್ದಕ್ಕೆ ನಿನ್ನ ಜೊತೆಯ ಹುಡುಗಿಯರೆಲ್ಲ ನಕ್ಕರು. ನೀನು ನಗಲಿಲ್ಲ. ಕೈ ಹಿಡಿದು ಪರದೆಯ ಮುಂದೆ ಕೂರಿಸಿ ಪಾಠ ಮಾಡಿದೆ.

ಒಳ್ಳೆಯ ಪಾಠ. ನೊಣದ ತಲೆ ಎಂದರೆ ಎಷ್ಟು, ಗಸಗಸೆ ಕಾಳಿನಷ್ಟೂ ಇಲ್ಲ. ಅದರೊಳಗಿನ ಮಿದುಳಿನಲ್ಲಿ ಹೊತ್ತು ಹೇಳುವ ಜೀವಕೋಶಗಳಿವೆ, ಒಂದೊಂದೂ ಒಂದೊಂದು ಗಡಿಯಾರ. ಆದರೆ ಎಲ್ಲ ಗಡಿಯಾರಗಳೂ ಒಂದೇ ಹೊತ್ತು ತೋರಿಸಬೇಕಲ್ಲ? ಅದಕ್ಕೆ ಕೆಲವೇ ಕೆಲವು ಕೋಶಗಳು ಒಂದು ಸಣ್ಣ ಅಣುವನ್ನು ಮಾಡಿ ಕಳಿಸುತ್ತವೆ. ಅದು ಹೋಗಿ ಉಳಿದವಕ್ಕೆ ಮುಟ್ಟಿದರೆ ಎಲ್ಲವೂ ಹೊಂದಿಕೊಂಡು ನಡೆಯುತ್ತವೆ. ನೀನು ಅದನ್ನು ಸಂಕೇತದ ಅಣು ಎಂದೆ. ನಾನು ಅಂಚೆಯವನು ಎಂದೆ. "ಹೂಂ ಮಾವ, ಹಾಗೇ ಇಟ್ಕೋ" ಅಂದೆ. ಆ ಅಣು ಇಲ್ಲದೆ ಹುಟ್ಟಿದ ನೊಣಗಳನ್ನೂ ತೋರಿಸಿದೆ. ಬಿಸಿಲು ಕತ್ತಲೆ ಸರಿಯಾಗಿ ಬರುತ್ತಿದ್ದರೆ ಅವು ಹೇಗೋ ಹೊಂದಿಸಿಕೊಂಡು ಹೋಗುತ್ತವೆ. ಒಂದೇ ಸಮ ಕತ್ತಲೆಯಲ್ಲಿಟ್ಟರೆ ಸ್ವಲ್ಪ ದಿನದಲ್ಲೇ ಅವುಗಳ ಗೀಟೆಲ್ಲ ಚೆದುರಿಹೋಗುತ್ತದೆ, ಒಂದಿಷ್ಟು ನಡೆದವು, ಒಂದಿಷ್ಟು ಮಲಗಿದವು, ಮತ್ತೆ ಎದ್ದವು. ನೀನು ಆಗ ಹೇಳಿದ್ದು ನನಗೆ ಬಾಯಿಪಾಠವಾಗಿದೆ: "ಗಡಿಯಾರ ಕೆಟ್ಟಿಲ್ಲ ಮಾವ, ಸುದ್ದಿ ಮುಟ್ತಾ ಇಲ್ಲ ಅಷ್ಟೆ."

ಆ ನೊಣಕ್ಕೆ ಬೇಜಾರಾಗುತ್ತಾ ಅಂತ ನಾನು ಕೇಳಿದೆ. ಅದನ್ನು ಅಳೆಯುವ ಯಂತ್ರ ಇನ್ನೂ ಬಂದಿಲ್ಲ ಎಂದು ನೀನು ನಕ್ಕೆ.

ಊರಿಗೆ ವಾಪಸು ಬಂದವನಿಗೆ ಅಕ್ಕನ ಅವಸ್ಥೆ ನೋಡಿದಾಗ ಆ ಚೆದುರಿದ ಗೀಟುಗಳೇ ಕಂಡವು. ಬೆಳಕು ಹರಿಯುವಾಗ ಮಲಗುವುದು, ಬಿಸಿಲು ಇಳಿಯುವವರೆಗೆ ಏಳದಿರುವುದು, ಊರು ಮಲಗಿದ ಮೇಲೆ ಮನೆ ತುಂಬ ಓಡಾಡುವುದು. ನಿನಗೆ ನಾನು ಹೇಳಿರಲಿಲ್ಲ, ಒಂದು ಸಲ ಒಲೆ ಹಚ್ಚಿ ಹಾಲಿಟ್ಟು ಹಾಗೇ ಹೋಗಿ ಮಲಗಿಬಿಟ್ಟಿದ್ದಳು. ಪಾತ್ರೆ ಸೀದು ಮನೆಯೆಲ್ಲ ಹೊಗೆ. ಅಕ್ಕಪಕ್ಕದವರು ಬಂದು ಬಾಗಿಲು ಬಡಿದ ಮೇಲೆಯೇ ನನಗೆ ಎಚ್ಚರ. ನನ್ನ ನಿದ್ದೆ ಗೊತ್ತಲ್ಲ, ಹೆಣದ ನಿದ್ದೆ. ಎದುರು ಮನೆಯ ಟೈಲರಮ್ಮ ನಿನಗೆ ಫೋನು ಮಾಡಿ ಚಾಡಿ ಹೇಳಿದ್ದು ಆಗಲೇ. ನೀನು ಅತ್ತೆ. ಡಾಕ್ಟರನ್ನು ಕೇಳಿದೆ, ಅವರು ಬೆಳಕಿನ ಚಿಕಿತ್ಸೆ ಮಾಡಿ ನೋಡಬಹುದು ಎಂದರು. ಎದ್ದ ಕೂಡಲೇ ಕಣ್ಣಿಗೆ ಜೋರು ಬೆಳಕು, ಮಲಗುವ ಮುನ್ನ ಮಬ್ಬು, ದಿನದಿನಕ್ಕೆ ಏಳಿಸುವ ಹೊತ್ತನ್ನು ಸ್ವಲ್ಪ ಸ್ವಲ್ಪವೇ ಮುಂಚೆ ತರುವುದು. ನೀನು ಅದನ್ನು ನನಗೆ ಬಿಡಿಸಿ ಹೇಳಿದೆ. ಉಳಿದದ್ದು ಈ ಕೈಯ ಕೆಲಸ.

ದೀಪ ನೋಡಬೇಕಿತ್ತು ನೀನು! ಕಿಟಕಿಯ ಹಳೆಯ ಚೌಕಟ್ಟಿಗೆ ಬಿಳಿ ಟ್ಯೂಬುಗಳನ್ನು ಒತ್ತೊತ್ತಾಗಿ ಜೋಡಿಸಿದೆ, ಮುಂದೆ ಹಾಲಿನ ಬಣ್ಣದ ಹಾಳೆ, ಹಿಂದೆ ತಾನೇ ಹೊತ್ತಿಕೊಂಡು ತಾನೇ ಆರುವ ಸ್ವಿಚ್ಚು. ಅದಕ್ಕೆ ಸೂರ್ಯನ ತಮ್ಮ ಎಂದು ಹೆಸರಿಟ್ಟೆ. ಮೊದಲ ದಿನ ಹೊತ್ತಿಸಿದಾಗ ಟೈಲರಮ್ಮ ಓಡಿ ಬಂದು, "ಏನಣ್ಣಾ, ಮನೇಲಿ ಆಪರೇಷನ್ ಇಟ್ಕೊಂಡಿದೀರಾ?" ಅಂದಳು. ಅಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು, "ಏನೋ ಇದು, ನನ್ನ ಫೋಟೋ ತೆಗೀತೀಯೋ, ಇಲ್ಲಾ ಕಾವಿಗಿಟ್ಟ ಮೊಟ್ಟೆ ಮಾಡಿದೀಯೋ?" ಅಂದಳು. ಮರೆವು ಎಷ್ಟು ಬಂದರೂ ನನ್ನನ್ನು ಬೈಯುವ ಮಾತು ಮಾತ್ರ ಅವಳಿಗೆ ಒಂದೂ ಮರೆತಿಲ್ಲ.

ಅವಳನ್ನು ಎಬ್ಬಿಸಲು ನಾನು ಪಟ್ಟ ಪಾಡು ಹೇಳಿದರೆ ನಗುತ್ತೀಯ. ಹಾಡಿದೆ. ಬೇಡ ಎಂದಳು. ಬಿಸಿ ಟೀ ಮೂಗಿನ ಹತ್ತಿರ ಹಿಡಿದೆ. ಮನೆಗೆ ನೆಂಟರು ಬಂದಿದ್ದಾರೆ ಎಂದು ಸುಳ್ಳು ಹೇಳಿದೆ, ಎದ್ದು ತಲೆ ಬಾಚಿಕೊಂಡು ಬಂದು ನೋಡಿ, "ನೀನೇನಾ ನೆಂಟ?" ಅಂತ ಮತ್ತೆ ಹೋಗಿ ಮಲಗಿದಳು. ಕತ್ತಲಾಗುತ್ತಿದ್ದ ಹಾಗೆ ಮನೆಯ ದೀಪ ತಗ್ಗಿಸಿ ನಾನೂ ಅವಳ ಜೊತೆ ಆಕಳಿಸುತ್ತಾ ಕೂರುತ್ತಿದ್ದೆ. ನನ್ನ ಆಕಳಿಕೆಯ ಮುಂದೆ ಯಾರೂ ಎಚ್ಚರವಿರಲಾರರು. ನಸುಕಿನಲ್ಲಿ ಅವಳ ನಿದ್ದೆ ಕೆಡಿಸುತ್ತಿದ್ದದ್ದು ಒಂದೇ ಒಂದು, ಹಿತ್ತಲ ನಲ್ಲಿ. ಬೀದಿಗೆ ನೀರು ಬಿಟ್ಟಾಗ ಅದು ಮೊದಲು ಗೊರ ಗೊರ ಕೆಮ್ಮಿ, ಗಾಳಿ ಉಗುಳಿ, ಆಮೇಲೆ ನೀರು ಬಿಡುತ್ತದಲ್ಲ, ಆ ಸದ್ದಿಗೆ ಎದ್ದು ಕೂರುತ್ತಿದ್ದಳು. ನಾನು ಬುದ್ಧಿವಂತ. ಹೊರಗಿನ ವಾಲ್ವ್ ತಿರುಗಿಸಿ ನಲ್ಲಿಯ ಬಾಯಿ ಕಟ್ಟಿಬಿಟ್ಟೆ. ನೀರನ್ನು ಟೈಲರಮ್ಮನ ಮನೆಯಿಂದ ಹೊತ್ತು ತಂದೆ.

ಅಂತೂ ಹೊತ್ತು ಜರುಗಿತು. ಒಂದು ಸಂಜೆ ಬೀದಿದೀಪ ಹತ್ತಿದ ಸ್ವಲ್ಪ ಹೊತ್ತಿಗೇ ಅಕ್ಕ ತಾನಾಗಿ ಎದ್ದು ಹೋಗಿ ಮಲಗಿದಳು, ಬೆಳಕಾದ ಮೇಲೆಯೇ ಎದ್ದಳು. ನಾನು ಅಂಗಡಿಯಲ್ಲಿ ಎಲ್ಲರಿಗೂ ಟೀ ಕೊಡಿಸಿದೆ. ನನ್ನ ಸೋದರಸೊಸೆ ನೊಣಕ್ಕೆ ಮಾಡುವುದನ್ನು ನಾನು ಮನುಷ್ಯರಿಗೇ ಮಾಡಿ ತೋರಿಸಿದೆ ಎಂದು ಹೇಳಿಕೊಂಡು ತಿರುಗಿದೆ. ನಿನಗೆ ಆ ದಿನವೇ ಫೋನು ಮಾಡಬೇಕಿತ್ತು. ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎಂಬುದು ಇನ್ನು ಮುಂದಿದೆ, ನೀನು ಕೂತುಕೊಂಡು ಓದು.

ಹಗಲು ಎದ್ದ ಅಕ್ಕ ಮುಖ ತೊಳೆದು, ಟೀ ಕುಡಿದು, ಮೆಲ್ಲನೆ ಹೆಜ್ಜೆ ಇಡುತ್ತಾ ಒಳಕೋಣೆಗೆ ಹೋದಳು. ಸದ್ದು ಮಾಡಬಾರದು ಎಂದು ನನಗೂ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಆ ನಡಿಗೆ ನಿನಗೆ ಗೊತ್ತು. ನೀನು ಹುಟ್ಟಿ ಬೆಳೆದದ್ದೇ ಆ ನಡಿಗೆಯ ಮನೆಯಲ್ಲಿ. ರಾತ್ರಿಯೆಲ್ಲ ಪಂಪ್‌ಹೌಸಿನಲ್ಲಿ ದುಡಿದು ಬಂದ ಅಪ್ಪ ಹಗಲು ಮಲಗಿರುತ್ತಿದ್ದರು, ನೀನು ಗೊಂಬೆಗಳಿಗೂ ಪಿಸುಮಾತಿನಲ್ಲೇ ಬೈಯುತ್ತಿದ್ದೆ. ದೊಡ್ಡವಳಾಗಿ ಸದ್ದು ಮಾಡದ ಪ್ರಾಣಿಯನ್ನೇ ಹುಡುಕಿ ಹಿಡಿದೆ.

ಅಕ್ಕ ಒಳಗೆ ಹೋದವಳು ಹಾಗೇ ಹೊರಗೆ ಬಂದಳು. "ಎಲ್ಲೋ ಅವರು?" ಅಂದಳು.

ಡ್ಯೂಟಿಗೆ ಹೋಗಿದ್ದಾರೆ ಎಂದೆ. ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದುಕೊಂಡಿದ್ದೆ. "ಹಗಲು ಡ್ಯೂಟಿ ನಿಮ್ಮ ಭಾವ ಯಾವತ್ತು ಮಾಡಿದಾರೋ?" ಅಂದಳು. ಕ್ಷೌರಕ್ಕೆ ಹೋಗಿದ್ದಾರೆ ಎಂದೆ. "ನಿದ್ದೆಗಣ್ಣಲ್ಲಿ ಕತ್ತು ಕೊಯ್ಸಿಕೊಳ್ಳೋಕಾ?" ಅಂದಳು. ಸಾಹೇಬರು ಕರೆಸಿದ್ದಾರೆ ಎಂದೆ. ಬಾಗಿಲ ಹಿಂದೆ ನೋಡಿದಳು, ಚಪ್ಪಲಿ ಇಲ್ಲ. ಮೊಳೆಗೆ ನೋಡಿದಳು, ಅಂಗಿ ಇಲ್ಲ. ಮತ್ತೆ ಒಳಗೆ ಹೋಗಿ ಹಾಸಿಗೆಯ ಮೇಲೆ ಅಂಗೈ ಇಟ್ಟಳು. ಹಾಸಿಗೆ ತಣ್ಣಗಿತ್ತು. ನಿನ್ನ ಅಪ್ಪ ಹೋದದ್ದು ಅದೇ ಹಾಸಿಗೆಯಲ್ಲಿ, ಅಂಥದೇ ಹೊತ್ತಿನಲ್ಲಿ, ಪಕ್ಕದಲ್ಲಿ ಮಲಗಿದ್ದವಳಿಗೂ ಗೊತ್ತಾಗದ ಹಾಗೆ. ಆ ದಿನವೂ ಅವಳು ಹೀಗೇ ಅಂಗೈ ಇಟ್ಟು ನೋಡಿರಬೇಕು. ಹಾಸಿಗೆಯ ಅಂಚಿನಲ್ಲಿ ಕೂತು, "ಹೋಗ್ಬಿಟ್ರು ಅಲ್ವೇನೋ?" ಅಂದಳು.

ನಾನು ಇನ್ನೊಂದು ಸುಳ್ಳು ಹುಡುಕುತ್ತಿದ್ದೆ. ಅವಳು ಹಣೆ ಗೋಡೆಗೆ ಆನಿಸಿ ಅತ್ತಳು. ಆಗ ತಾನೇ ಹೋದವರಿಗೆ ಅಳುವ ಹಾಗೆ ಅತ್ತಳು. ಸಂಜೆಯ ಹೊತ್ತಿಗೆ ಯಾಕೆ ಅತ್ತೆ ಎಂಬುದು ಮರೆತಿತ್ತು, ಕಣ್ಣು ಮಾತ್ರ ಊದಿಕೊಂಡಿತ್ತು. ಕಣ್ಣಿಗೆ ಏನೋ ಬಿದ್ದಿದೆ ನೋಡು ಎಂದು ನನಗೇ ತೋರಿಸಿದಳು.

ಮಾರನೆಯ ದಿನ ಎದ್ದು, ಟೀ ಕುಡಿದು, ತುಟಿಯ ಮೇಲೆ ಬೆರಳಿಟ್ಟು ಒಳಗೆ ಹೋದಳು.

ಅಮ್ಮಣ್ಣಿ, ದಿನಾ. ಒಂದು ದಿನವೂ ತಪ್ಪಲಿಲ್ಲ. ನಾನು ಹೊಸ ಹೊಸ ಸುಳ್ಳು ಕಟ್ಟಿದೆ, ಅವಳು ಎಲ್ಲವನ್ನೂ ಚಿಟಿಕೆಯಲ್ಲಿ ಮುರಿದಳು. ಒಳಕೋಣೆಗೆ ಬೀಗ ಹಾಕಿದೆ, ಬಾಗಿಲ ಹೊರಗೆ ಕೂತು ಅವರು ಯಾಕೆ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಾರೆ ಎಂದು ಗಾಬರಿಯಾದಳು. ಹಾಸಿಗೆಯಲ್ಲಿ ದಿಂಬು ಇಟ್ಟು ಹೊದಿಕೆ ಹೊದಿಸಿದೆ. ಅದೊಂದು ಕೆಲಸ ಮಾಡಬಾರದಿತ್ತು. ಹೊದಿಕೆ ಸರಿಸಿ ನೋಡಿದವಳ ಮುಖವನ್ನು ನಾನು ಬರೆಯುವುದಿಲ್ಲ. ಒಂದು ದಿನ ನನಗೇ ತಡೆಯಲಾಗಲಿಲ್ಲ, ಬಿಕ್ಕಿದೆ. ಆಗ ಅವಳು ಅಳು ನಿಲ್ಲಿಸಿ ಸೆರಗಿನಿಂದ ನನ್ನ ಮುಖ ಒರೆಸಿ, "ಅಳಬೇಡ್ವೋ ಮರೀ, ನಾನಿಲ್ವಾ" ಅಂದಳು. ಈ ತಲೆ ನೆರೆತವನನ್ನು ಮರೀ ಅನ್ನುವವರು ಈ ಭೂಮಿಯ ಮೇಲೆ ಅವಳೊಬ್ಬಳೇ.

ನನಗೆ ವಿಷಯ ತಿಳಿದದ್ದು ನಲ್ಲಿಯಿಂದ. ಒಂದು ನಸುಕಿನಲ್ಲಿ ಡ್ರಮ್ಮು ಬರಿದಾಗಿತ್ತು, ಟೈಲರಮ್ಮನ ಮನೆಯಲ್ಲಿ ಎಷ್ಟು ದಿನ ಅಂತ ಕೇಳುವುದು ಎಂದು ಹೋಗಿ ವಾಲ್ವ್ ತಿರುಗಿಸಿದೆ. ನಲ್ಲಿ ಗೊರ ಗೊರ ಕೆಮ್ಮಿತು. ಒಳಗೆ ಅಕ್ಕ ಎದ್ದು ಬಂದಳು. ಎಷ್ಟೋ ದಿನದಿಂದ ಕಾಣದಿದ್ದ ಮುಖ ಅವಳದು, ಮದುವೆಯ ಹೊಸತರಲ್ಲಿ ಇದ್ದ ಮುಖ. "ವಾಲ್ವ್ ಬಿಟ್ರು ಕಣೋ. ಇನ್ನು ಕೈಕಾಲು ತೊಳ್ಕೊಂಡು ಸೈಕಲ್ ಹತ್ತೋದೇ. ನೀರು ಕಾಯೋಕಿಡು" ಅಂದಳು.

ಅಷ್ಟೇ ಮಾತು. ನಾನು ಕೊಡ ಹಿಡಿದುಕೊಂಡು ಅಲ್ಲೇ ಕೂತೆ.

ನಿನ್ನ ಅಪ್ಪ ರಾತ್ರಿಯೆಲ್ಲ ಪಂಪು ನಡೆಸಿ ಟ್ಯಾಂಕು ತುಂಬಿಸಿ, ನಸುಕಿಗೆ ಬೀದಿಗಳಿಗೆ ನೀರು ಬಿಟ್ಟು ಪಾಳಿ ಮುಗಿಸುತ್ತಿದ್ದರಲ್ಲ. ಊರಿಗೆ ಅದು ನೀರು. ಅಕ್ಕನಿಗೆ ಅದು ಅವರು ಕಳಿಸಿದ ಸುದ್ದಿ. ಮದುವೆಯಾಗಿ ಬಂದ ದಿನದಿಂದ ಅವಳು ತನ್ನ ಹಗಲನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟು ಅವರ ಹೊತ್ತಿಗೆ ಬದುಕಿದಳು. ರಾತ್ರಿ ಕೂತು ಹೊಲಿಗೆ ಹಾಕುವುದು, ನಲ್ಲಿ ಕೆಮ್ಮಿದ ಕೂಡಲೇ ಒಲೆ ಹಚ್ಚುವುದು, ಅವರು ಬಂದು ಉಂಡು ಇಬ್ಬರೂ ಮಲಗುವುದು. ನಿನ್ನನ್ನು ಶಾಲೆಗೆ ಎಬ್ಬಿಸಿ, ಜಡೆಯನ್ನು ಸೊಟ್ಟ ಹಾಕಿ ಕಳಿಸುತ್ತಿದ್ದವನು ನಾನು, ಅದನ್ನು ನೀನು ಇನ್ನೂ ಕ್ಷಮಿಸಿಲ್ಲ.

ಅವರು ಹೋದ ಮೇಲೂ ನೀರು ಬರುವುದು ನಿಂತಿಲ್ಲ. ಈಗ ಅಲ್ಲಿ ಯಂತ್ರವೇ ವಾಲ್ವ್ ಬಿಡುತ್ತದಂತೆ. ಅಕ್ಕನಿಗೆ ಅದು ಗೊತ್ತಿಲ್ಲ. ನಾವು ರೋಗ ಎಂದುಕೊಂಡ ಆ ರಾತ್ರಿಗಳಲ್ಲಿ ಅವಳು ಅಲೆಯುತ್ತಿರಲಿಲ್ಲ, ಕಾಯುತ್ತಿದ್ದಳು. ಗಂಡ ಮನೆಯಲ್ಲಿಲ್ಲ, ಯಾಕೆಂದರೆ ರಾತ್ರಿ ಅವರು ಮನೆಯಲ್ಲಿರುವುದೇ ಇಲ್ಲ. ಯಾರೂ ಸುಳ್ಳು ಹೇಳಬೇಕಾಗಿಲ್ಲ. ನಸುಕಿಗೆ ನಲ್ಲಿ ಕೆಮ್ಮುತ್ತದೆ, ಬಂದರು ಎಂದು ಒಲೆ ಹಚ್ಚುತ್ತಾಳೆ, ಸೈಕಲಿನ ಸದ್ದು ಕೇಳುವ ಮೊದಲೇ ಕಣ್ಣು ಎಳೆದು ಹೋಗಿ ಮಲಗುತ್ತಾಳೆ. ಹಗಲೆಲ್ಲ ಅವರ ಪಕ್ಕದಲ್ಲಿ ಮಲಗಿದ್ದೇನೆ ಎಂಬ ನಿದ್ದೆ. ಎದ್ದಾಗ ಸಂಜೆ, ಅವರು ಡ್ಯೂಟಿಗೆ ಹೋಗಿ ಆಗಿರುತ್ತದೆ. ಅವಳ ಲೆಕ್ಕದಲ್ಲಿ ನಿನ್ನ ಅಪ್ಪ ಒಂದು ದಿನವೂ ತಪ್ಪಿಸಿಕೊಂಡಿಲ್ಲ.

ಅಂಥವಳನ್ನು ನಾನು ದೀಪ ಹಚ್ಚಿ ಹಗಲಿಗೆ ಎಳೆದು ತಂದೆ. ಅವರು ಖಂಡಿತ ಇರಬೇಕಾದ ಹೊತ್ತಿಗೆ ತಂದು ನಿಲ್ಲಿಸಿದೆ. ಅವರು ಸತ್ತಿರುವುದು ಹಗಲಿನಲ್ಲಿ ಮಾತ್ರ ಕಣೇ.

ನೀನು ಈಗ ಅಳುತ್ತಾ, ನನ್ನಿಂದ ತಪ್ಪಾಯಿತು ಎನ್ನುತ್ತೀಯ. ಆ ಮಾತು ಬೇಡ. ನಿನ್ನ ವಿದ್ಯೆಯಲ್ಲಿ ಒಂದಿಷ್ಟೂ ತಪ್ಪಿಲ್ಲ, ನೀನು ಹೇಳಿದ ಹಾಗೆಯೇ ಹೊತ್ತು ಜರುಗಿತು, ಹೇಳಿದಷ್ಟೇ ದಿನದಲ್ಲಿ ಜರುಗಿತು. ನಾವಿಬ್ಬರೂ ಅವಳನ್ನು ಸುದ್ದಿ ಮುಟ್ಟದ ನೊಣ ಎಂದುಕೊಂಡೆವು, ಅಷ್ಟೇ. ಅವಳಿಗೆ ಸುದ್ದಿ ದಿನಾ ಮುಟ್ಟುತ್ತಿತ್ತು. ನಲ್ಲಿಯ ಬಾಯಿ ಕಟ್ಟಿ ಅದನ್ನು ನಿಲ್ಲಿಸಿದವನು ನಾನು.

ಈಗ ನಿನ್ನನ್ನು ಒಂದು ಮಾತು ಕೇಳಬೇಕು: ಅಕ್ಕನನ್ನು ಇಲ್ಲೇ, ಅವಳ ಹೊತ್ತಿನಲ್ಲೇ ಬಿಟ್ಟರೆ ಆಗದಾ? ಇದನ್ನು ಓದಿದ ಕೂಡಲೇ ನೀನು ಏನು ಯೋಚಿಸುತ್ತೀಯ ಎಂಬುದು ಗೊತ್ತು. ಅಕ್ಕ ಹೊರಟುಹೋದರೆ ಈ ಮುದುಕನ ಜೊತೆ ಜಗಳ ಆಡುವವರು ಯಾರೂ ಇರುವುದಿಲ್ಲ, ಅದಕ್ಕೇ ಕಥೆ ಕಟ್ಟುತ್ತಿದ್ದಾನೆ ಎಂದು. ಅದರಲ್ಲಿ ಸ್ವಲ್ಪ ನಿಜ ಇದೆ. ಸ್ವಲ್ಪ ಅಲ್ಲ, ಸಾಕಷ್ಟು ಇದೆ. ಮನೆಗೆ ಬಂದಾಗ "ಬಂದ್ಯಾ ಕತ್ತೆ" ಅನ್ನುವವರಿಲ್ಲದಿದ್ದರೆ ಬಂದೆ ಎಂದು ನನಗಾದರೂ ಹೇಗೆ ಗೊತ್ತಾಗಬೇಕು? ಆದರೆ ಬರೀ ಅದಕ್ಕಾಗಿಯೇ ಆಗಿದ್ದರೆ ನಾನು ಆ ದೀಪ ಮಾಡುತ್ತಲೇ ಇರಲಿಲ್ಲ. ಅವಳನ್ನು ನಿನ್ನ ಹತ್ತಿರ ಕಳಿಸಲೆಂದೇ ಮಾಡಿದ್ದು. ಹಗಲು ನಿನ್ನ ಮುಖ ನೋಡಿಕೊಂಡಿದ್ದರೆ ಅವಳಿಗೆ ಒಳ್ಳೆಯದು ಎಂದು ನಾನೂ ನಂಬಿದ್ದೆ.

ನಿನಗೂ ಅವಳು ಬೇಕು. ಅದು ನನಗೆ ಗೊತ್ತು. ಅಪ್ಪ ಹೋದಾಗ ನೀನು ಬಂದು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಮ್ಮನನ್ನಾದರೂ ಕಣ್ಣೆದುರು ಇಟ್ಟುಕೊಳ್ಳಬೇಕು ಎಂದು ನೀನು ಹಟ ಹಿಡಿದದ್ದು ಅದಕ್ಕೇ. ಆ ಜಾಗದವರು ಒಳ್ಳೆಯವರೇ ಇರಬಹುದು. ಅವಳನ್ನು ಬೆಳಿಗ್ಗೆ ಅಲ್ಲಿ ಕೂರಿಸಿ ನೀನು ಕೆಲಸಕ್ಕೆ ಹೋಗುತ್ತೀಯ. ಅವಳು "ಎಲ್ಲೋ ಅವರು?" ಎಂದು ಯಾರನ್ನು ಕೇಳಬೇಕು? ಅಲ್ಲಿಯವರಿಗೆ ಪಂಪ್‌ಹೌಸು ಗೊತ್ತಿಲ್ಲ, ಭಾವ ಗೊತ್ತಿಲ್ಲ. "ನಿಮ್ಮ ಯಜಮಾನರು ತೀರಿಕೊಂಡು ವರ್ಷಗಳಾಯ್ತಮ್ಮಾ" ಎಂದು ಯಾರಾದರೂ ನಿಜ ಹೇಳಿಬಿಡುತ್ತಾರೆ. ದಿನಾ ಹೇಳುತ್ತಾರೆ.

ಹಾಗಾದರೆ ಒಲೆ, ಹೊಗೆ, ಅದಕ್ಕೇನು ಮಾಡುತ್ತೀಯ ಅನ್ನುತ್ತೀಯ. ಸರಿಯಾದ ಪ್ರಶ್ನೆ. ಗ್ಯಾಸನ್ನು ನಾನು ಮಲಗುವ ಕಡೆಯಿಂದ ಮುಚ್ಚುವ ಹಾಗೆ ಮಾಡಿದ್ದೇನೆ. ಅವಳ ಕೈಗೆ ತಾನೇ ಆರಿಕೊಳ್ಳುವ ಕರೆಂಟಿನ ಕೆಟಲು. ಬೀದಿಬಾಗಿಲು ತೆಗೆದರೆ ನನ್ನ ಕಿವಿಯ ಹತ್ತಿರ ಗಂಟೆ. ಇವೆಲ್ಲ ನನಗೆ ಎಡಗೈ ಕೆಲಸ. ನನ್ನ ಹೆಣದ ನಿದ್ದೆಯೊಂದಕ್ಕೆ ಇನ್ನೂ ಉಪಾಯ ಹುಡುಕುತ್ತಿದ್ದೇನೆ.

ದೀಪ ಇನ್ನೂ ಗೋಡೆಯ ಮೇಲಿದೆ, ದಿನಾ ಬೆಳಿಗ್ಗೆ ಹೊತ್ತುತ್ತಿದೆ. ನಿನ್ನ ಮಾತು ಬರುವವರೆಗೆ ನಾನು ಅದನ್ನು ಮುಟ್ಟುವುದಿಲ್ಲ. ಅವಳು ನಿನ್ನ ಅಮ್ಮ, ತೀರ್ಮಾನ ನಿನ್ನದು. ಕರೆದುಕೊಂಡು ಹೋಗುತ್ತೇನೆ ಎಂದರೆ ಪೆಟ್ಟಿಗೆ ಕಟ್ಟಿಕೊಡುತ್ತೇನೆ, ಒಂದು ಮಾತೂ ಆಡುವುದಿಲ್ಲ. ಇಲ್ಲೇ ಇರಲಿ ಎಂದರೆ ದೀಪ ಇಳಿಸುತ್ತೇನೆ, ನಲ್ಲಿ ಬಿಚ್ಚುತ್ತೇನೆ. ಏನೇ ಇರಲಿ, ಒಂದು ಸಲ ಬಂದು ನೋಡಿ ಹೇಳು. ಬರುವುದಾದರೆ ಹಗಲು ಬರಬೇಡ. ಊರು ಮಲಗಿದ ಮೇಲೆ ಬಾ, ಅವಳು ಎದುರು ಕೂತಿರುವಾಗ ಬಾ. ಅಮ್ಮ ಹೇಗಿದ್ದಳು ಎಂದು ನೀನು ಮರೆತಿದ್ದರೆ ಆ ಹೊತ್ತಿಗೆ ಸಿಗುತ್ತಾಳೆ.

ನಿನ್ನ ನೊಣಗಳಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು, ನೀನು.

ಹೆಚ್ಚು ಬರೆದು ಕೈ ಸೋತಿರುವ,
ನಿನ್ನ ಮಾವ

ತಾ.ಕ. ದೀಪ ಇನ್ನೂ ಹೊತ್ತುತ್ತಿದೆ ಎಂದು ಬರೆದದ್ದು ಬುರುಡೆ. ನಲ್ಲಿ ಕೆಮ್ಮಿದ ಆ ದಿನದಿಂದ ಅದರ ಬಾಯಿಯನ್ನು ಮತ್ತೆ ಕಟ್ಟಲಿಲ್ಲ, ದೀಪವನ್ನೂ ಆ ದಿನವೇ ಬಿಚ್ಚಿ ಟೈಲರಮ್ಮನಿಗೆ ಕೊಟ್ಟೆ, ಸೂಜಿಗೆ ದಾರ ಪೋಣಿಸಲು ಅನುಕೂಲ ಎಂದು ಹೊಲಿಗೆ ಯಂತ್ರದ ಮೇಲೆ ನೇತು ಹಾಕಿಕೊಂಡಿದ್ದಾಳೆ. ನಿನ್ನನ್ನು ಕೇಳಬೇಕಿತ್ತು, ಕೇಳಲಿಲ್ಲ. ಇನ್ನೊಂದು ದಿನ ಆ ಅಳುವನ್ನು ಕೇಳುವ ಧೈರ್ಯ ನನಗಿರಲಿಲ್ಲ. ಸ್ವಲ್ಪ ದಿನದಲ್ಲೇ ಅಕ್ಕ ತಾನಾಗಿ ಜಾರಿ ತನ್ನ ಹೊತ್ತಿಗೆ ವಾಪಸು ಹೋದಳು. ನಾನೂ ಅಂಗಡಿಯನ್ನು ರಾತ್ರಿ ಪಾಳಿಗೆ ಹಾಕಿಕೊಂಡಿದ್ದೇನೆ, ಮೋಟಾರುಗಳನ್ನು ಮನೆಗೇ ತಂದು ಅವಳೆದುರು ಕೂತು ತಂತಿ ಸುತ್ತುತ್ತೇನೆ. ನಿದ್ದೆಗೆ ಹುಡುಕಿದ ಉಪಾಯ ಅದೇ. ಈಗಲೂ ರಾತ್ರಿಯೇ. ಅವಳು ಎದುರಿಗೆ ಕೂತು ನಿನ್ನ ಹಳೆಯ ಸ್ವೆಟರು ಬಿಚ್ಚಿ ಉಂಡೆ ಸುತ್ತುತ್ತಿದ್ದಾಳೆ. ಯಾರಿಗೋ ಬರೀತಿರೋದು ಎಂದಳು. ಹುಡುಗಿಗೆ ಎಂದೆ. ಹಾಸ್ಟೆಲಿನಲ್ಲಿ ಚಳಿ ಇದೆಯಾ ಕೇಳು ಎಂದಳು. ಕೇಳಿದ್ದೇನೆ ಎಂದೆ. ಆಮೇಲೆ ಕಾಗದದ ಮೇಲೆ ಬಗ್ಗಿ ನೋಡಿ, "ಪೂರ್ತಿ ತುಂಬಿಸ್ಬೇಡ್ವೋ ಬಾಯಿಬಡುಕ, ಕೆಳಗೆ ಒಂದಿಷ್ಟು ಜಾಗ ಬಿಡು. ಅವರು ಬಂದ್ಮೇಲೆ ಎರಡು ಸಾಲು ಬರೀತಾರೆ. ಅಪ್ಪ ಏನೂ ಬರೀಲಿಲ್ಲ ಅಂತ ಮಗು ಬೇಜಾರ್ ಮಾಡ್ಕೊಳುತ್ತೆ" ಅಂದಳು.

ಬಿಟ್ಟಿದ್ದೇನೆ.